ಹದಿನಾರು ದಿನ

ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತ ಅಜ್ಜಿ ಹೇಳುತ್ತಿದ್ದಳು:
ಒಬ್ಬಳು ಹುಡುಗಿ, ಲಾಯದಲ್ಲೇ ಮಲಗುತ್ತಿದ್ದಳಂತೆ,
ಮನೆಯ ಕುದುರೆಯನ್ನೇ ಗಂಡನೆಂದು ಒಪ್ಪಿದ್ದಳಂತೆ.
ಅಪ್ಪ ಆ ಕುದುರೆಯನ್ನು ಇಂಥದೇ ಮರಕ್ಕೆ ನೇಣು ಹಾಕಿದ.
ಅವಳು ಅದರ ಕೊರಳು ತಬ್ಬಿ
ಮೇಲಕ್ಕೆ, ಮೇಲಕ್ಕೆ, ಮೋಡದಾಚೆಗೆ.
ಮರುವರ್ಷ ಆಕಾಶದಿಂದ ಉದುರಿದವು ಹುಳ.
ತಲೆ ನೋಡು, ಕುದುರೆಯದೇ ತಲೆ.

ನೋಡುತ್ತಿದ್ದೆ. ಹೌದು, ಕುದುರೆಯದೇ.
ರಾತ್ರಿಯಿಡೀ ಅವು ಎಲೆ ಮೇಯುವ ಸದ್ದು
ಹುಲ್ಲಿನ ಮಾಡಿನ ಮೇಲೆ ತುಂತುರು ಬಿದ್ದಂತೆ.
ಆ ಕಥೆ ಯಾರಿಗೂ ಕೇಡು ಮಾಡಲಿಲ್ಲ.
ಅದರಿಂದ ಉಂಡೆವು, ಉಟ್ಟೆವು,
ನನಗೆ ಕಿನುಯೆ ಅಂತ ರೇಷ್ಮೆಯ ಹೆಸರಿಟ್ಟರು.

ಇನ್ನೊಂದು ಕುದುರೆಯ ಕಥೆಯನ್ನು ಯಾರೂ ಕೂತು ಹೇಳಲಿಲ್ಲ.
ಗೊತ್ತಿರಬೇಕಾದದ್ದು ಗೊತ್ತಿತ್ತು, ಅಷ್ಟೆ:
ಅರವತ್ತು ವರ್ಷಕ್ಕೊಮ್ಮೆ ಬೆಂಕಿಕುದುರೆಯ ಸಂವತ್ಸರ,
ಆಗ ಹುಟ್ಟಿದ ಹೆಣ್ಣು
ಗಂಡನನ್ನು ನುಂಗಿ ನೀರು ಕುಡಿಯುತ್ತಾಳೆ.
ಯಾರು ಹೇಳಿದರು ಎಂದರೆ, ಎಲ್ಲರೂ.
ಮೊದಲು ಹೇಳಿದವರು ಯಾರು ಎಂದರೆ, ಅಯ್ಯೋ, ಎಲ್ಲರೂ.

ಸಾವಿರದ ಒಂಬೈನೂರ ಅರವತ್ತಾರು.
ಬುಲೆಟ್ ರೈಲು ಓಡುತ್ತಿತ್ತು, ಅಂಗಡಿಯವನ ಮನೆಗೆ ಟಿವಿ ಬಂದಿತ್ತು.
ಇವಾತೆಯ ನಮ್ಮ ಬೆಟ್ಟದೂರಲ್ಲಿ ಆ ವರ್ಷ
ಕೂಸು ಮಲಗಿಸುವ ಹುಲ್ಲುಬುಟ್ಟಿಗಳು ಅಟ್ಟದಿಂದ ಇಳಿಯಲಿಲ್ಲ.
ದೊಡ್ಡಮ್ಮ ಬಸ್ಸು ಹತ್ತಿ ಮೊರಿಯೋಕಾಗೆ ಹೋಗಿ ಬಂದಳಂತೆ,
ಎರಡು ದಿನ ಗೋಡೆಯ ಕಡೆ ತಿರುಗಿ ಮಲಗಿದಳಂತೆ.
ಏನಾಯಿತೆಂದು ಯಾರೂ ಕೇಳಲಿಲ್ಲ.
ಗಂಜಿ ಕೊಟ್ಟರು.

ನಾನು ಹುಟ್ಟಿದ್ದು ಡಿಸೆಂಬರ್ ಹತ್ತೊಂಬತ್ತು. ಕಿಟಕಿಯವರೆಗೆ ಹಿಮ.
ಸೂಲಗಿತ್ತಿ ಇಸೊ ಬೆರಳೆಣಿಸಿದಳು:
‘ದಾರಿ ಮುಚ್ಚಿದೆಯಲ್ಲ, ಒಳ್ಳೆಯದೇ ಆಯಿತು.’
ಹೊಸ ವರ್ಷ ಕಳೆದ ಮೇಲೆ ಅಪ್ಪ ಊರ ಕಚೇರಿಗೆ ಹೋದ,
ಜನವರಿ ನಾಲ್ಕು ಎಂದು ಬರೆಸಿದ.
ಗುಮಾಸ್ತ ತಲೆಯೆತ್ತದೆ ಮೊಹರು ಒತ್ತಿದ;
ಆ ಬೆಳಿಗ್ಗೆ ಅವನೆದುರು ಬಂದ ಹೆಣ್ಣುಕೂಸುಗಳಲ್ಲಿ ನಾನು ಆರನೆಯವಳು.
ಹೀಗೆ ಹದಿನಾರು ದಿನ
ಹಾಲು ಕುಡಿದೆ, ಚೀರಿದೆ, ಬಟ್ಟೆ ಒದ್ದೆ ಮಾಡಿದೆ,
ಸರಕಾರದ ಲೆಕ್ಕದಲ್ಲಿ ಇರಲೇ ಇಲ್ಲ.
ಕಾಗದದ ಮೇಲೆ ಕುರಿಯ ವರ್ಷದವಳು. ಸಾಧು.
ಮದುವೆ ಸಲೀಸಾಯಿತು.

ಸೆಯ್‌ಕಿಚಿ ಲಾರಿ ಓಡಿಸುತ್ತಿದ್ದ,
ದಿನಕ್ಕೆರಡು ಪ್ಯಾಕು ಸಿಗರೇಟು. ಐವತ್ತೆಂಟಕ್ಕೆ ಶ್ವಾಸಕೋಶ ಹೋಯಿತು.
ಎಕ್ಸ್‌ರೇ ಕಣ್ಣಾರೆ ನೋಡಿದ ಮೇಲೂ
ನನ್ನೊಳಗೆ ಒಂದು ಗೊರಸಿನ ಸಪ್ಪಳ:
ನೀನೇ, ನೀನೇ, ನೀನೇ.
ತಡೆಯಲಾರದೆ ಹೇಳಿಬಿಟ್ಟೆ ನಿಜದ ತಾರೀಖು.
ಆಮ್ಲಜನಕದ ಮುಖವಾಡ ಸರಿಸಿ ನಕ್ಕ:
‘ಇಸೊ ಅಜ್ಜಿ ಕುಡಿದು ಬಾಯಿಬಿಟ್ಟಿದ್ದಳಲ್ಲ, ಮದುವೆಗೆ ಮುಂಚೆಯೇ.
ಮೂವತ್ತು ವರ್ಷ ಕಾದೆ, ಯಾವಾಗ ನುಂಗುತ್ತಾಳೋ ಅಂತ.
ನೀನೋ, ಕ್ಯಾರೆಟ್ಟನ್ನೂ ಮುಟ್ಟುವವಳಲ್ಲ.’
ನಗು ಕೆಮ್ಮಾಯಿತು. ನರ್ಸ್ ಓಡಿಬಂದಳು.

ಯಾರಿಂದ ಬಚ್ಚಿಟ್ಟಿದ್ದೆ ಹಾಗಾದರೆ?

ಈಗ ಮತ್ತೆ ಬಂದಿದೆ ಆ ವರ್ಷ,
ಲಾಯದ ದಾರಿ ಮರೆಯದ ಪ್ರಾಣಿ.
ಮಗಳು ಚಿಜುರು ಏಳು ತಿಂಗಳ ಹೊಟ್ಟೆಯ ಮೇಲೆ ಫೋನಿಟ್ಟುಕೊಂಡು
‘ಇಲ್ಲಿ ನೋಡಮ್ಮ, ಎಂಥ ಮೂಢನಂಬಿಕೆ’ ಎಂದು ನಗುತ್ತಾಳೆ.
ನಗುತ್ತಾಳೆ,
ಬೆರಳು ಮಾತ್ರ ಇನ್ನೂ ಕೆಳಗೆ, ಇನ್ನೂ ಕೆಳಗೆ.
ರಾತ್ರಿ ಎರಡಕ್ಕೂ ಅವಳ ಬಾಗಿಲ ಸಂದಿಯಲ್ಲಿ ನೀಲಿ ಬೆಳಕು.
ನನಗೆ ಗೊತ್ತು ಆ ಮೇಯುವ ಸದ್ದು.
ಹುಳ ಎಲೆ ತಿನ್ನುವುದು ಅಂಚಿನಿಂದ.

ಅಟ್ಟ ಹತ್ತಿ ಹುಲ್ಲುಬುಟ್ಟಿ ಇಳಿಸಿದೆ, ಇಲಿ ಕಡಿದಲ್ಲಿ ಹೊಲಿದೆ.
ಕಚೇರಿಗೆ ಹೋಗಿ ಕೇಳಿದೆ, ಹುಟ್ಟಿದ ದಿನ ತಿದ್ದಬಹುದೆ?
ಹುಡುಗ ಕಂಪ್ಯೂಟರಿನಲ್ಲಿ ತುಂಬ ಹೊತ್ತು ಹುಡುಕಿದ.
‘ಸಾಕ್ಷಿ ಯಾರಿದ್ದಾರೆ?’
ಹಿಮ, ಎಂದೆ.
ಪಾಪ, ಚಹಾ ತಂದುಕೊಟ್ಟ.

ಮರಳುವ ಬಸ್ಸಿನಲ್ಲಿ
ಫೋನಿನಲ್ಲಿ ಮಾತಾಡಬೇಡಿ ಎಂಬ ಫಲಕದ ಕೆಳಗೇ ಕೂತು
ಚಿಜುರುಗೆ ಫೋನು ಹಚ್ಚಿದೆ.
ಡಿಸೆಂಬರ್ ಹತ್ತೊಂಬತ್ತು, ಎಂದು ಶುರುಮಾಡಿದೆ,
ಹಿಂದಿನ ಸೀಟಿಗೂ ಕೇಳಲಿ ಎಂದು ತುಸು ಗಟ್ಟಿಯಾಗಿ.